ಹುಣಸೆಬೀಜದಷ್ಟು ಸಡಿಲ

ಪೀಣ್ಯದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನಾನು ಹದಿನಾರು ವರ್ಷ ಕೆಲಸ ಮಾಡಿದೆ. ಕೆಲಸವೆಂದರೆ, ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಕುರ್ಚಿಯಲ್ಲಿ ಕೂತು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು. ಹೀಗೆ ಎಸೆಯುತ್ತ ಎಸೆಯುತ್ತ ಮನುಷ್ಯನಿಗೆ ತಾನೊಬ್ಬನೇ ಅಳತೆಗೆ ಸರಿಯಾಗಿ ಹುಟ್ಟಿದವನು ಎಂಬ ಭ್ರಮೆ ಬಂದುಬಿಡುತ್ತದೆ. ನನಗೂ ಬಂದಿತ್ತು. ಮನೆಯಲ್ಲಿ ದೋಸೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಎಂದು ಹೇಳಿದ್ದಕ್ಕೆ ನನ್ನ ಹೆಂಡತಿ ಎರಡು ದಿನ ಉಪ್ಪಿಟ್ಟು ಮಾಡಿದ್ದಳು. ಉಪ್ಪಿಟ್ಟಿಗೆ ಅಳತೆ ಇಲ್ಲವಲ್ಲ.

ಆಗ ನಾವು ಮಾದನಾಯಕನಹಳ್ಳಿಯಲ್ಲಿ ಬಾಡಿಗೆಗೆ ಇದ್ದೆವು. ತುಮಕೂರು ರಸ್ತೆಯ ಮೇಲೆ ಫ್ಲೈಓವರಿನ ಕಂಬಗಳು ಏಳುತ್ತಿದ್ದ ಕಾಲ. ಕೆಳಗಡೆ ಮನೆಯ ಯಜಮಾನಿ ಅಜ್ಜಿ, ಮೇಲುಗಡೆ ನಾವಿಬ್ಬರು, ನಡುವೆ ಮೆಟ್ಟಿಲ ಕೆಳಗೆ ನನ್ನ ಮೋಟಾರ್ ಸೈಕಲ್ಲು. ನನ್ನದು ಎನ್ನುವುದು ಬಾಯಿಮಾತಿಗೆ. ಅದು ಮಾವನವರದ್ದು. ಎಡಗಾಲಿಗೆ ಬ್ರೇಕು, ಬಲಗಾಲಿಗೆ ಗೇರು ಇರುವ ಹಳೆಯ ಕಾಲದ ಭಾರೀ ಗಾಡಿ. ದಾವಣಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ಅವರು ಅದರ ಮೇಲೆ ಇಪ್ಪತ್ತೇಳು ವರ್ಷ ಓಡಾಡಿ, ನಿವೃತ್ತರಾದ ವರ್ಷ ಏನೂ ಹೇಳದೆ ಲಾರಿಗೆ ಹಾಕಿ ನಮ್ಮ ಮನೆಗೆ ಕಳಿಸಿದ್ದರು. ಕಾಗದಪತ್ರ ಮಾತ್ರ ಅವರ ಹೆಸರಿನಲ್ಲೇ ಇತ್ತು.

ಮಾವನವರಿಗೆ ಇಬ್ಬರು ಅಳಿಯಂದಿರು. ಚಿಕ್ಕವನು, ಅಂದರೆ ನನ್ನ ಷಡ್ಡಕ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ. ತೊಳೆದ ಮುಖ, ಇಸ್ತ್ರಿ ಅಂಗಿ, ಎಲ್ಲರಿಗೂ ಬೇಕಾದವನು. ಮಾವನವರು ಅವನ ಜೊತೆ ಫೋನಿನಲ್ಲಿ ಅರ್ಧ ಗಂಟೆ ಮಾತಾಡುತ್ತಿದ್ದರು. ನನ್ನ ಜೊತೆ ಮಾತು 'ಅರಾಮ್ ಅದೀರಿ?' 'ಅರಾಮ್' ಎಂಬಲ್ಲಿಗೆ ಮುಗಿಯುತ್ತಿತ್ತು. ಮದುವೆಯಾದ ಎಂಟು ವರ್ಷದಲ್ಲಿ ಅವರು ನನ್ನನ್ನು ಮೆಚ್ಚಿದ್ದಾರೆ ಎನ್ನುವುದಕ್ಕೆ ನನ್ನ ಬಳಿ ಇದ್ದ ಒಂದೇ ಸಾಕ್ಷಿ ಆ ಗಾಡಿ. ಅದಕ್ಕೇ ಅದರ ಮೇಲೆ ನನಗೆ ಅಷ್ಟು ಪ್ರಾಣ.

ಆ ಸಾಕ್ಷಿ ಒಂದು ದಿನ ಎಡಗಡೆಯಿಂದ ಕಟಕಟ ಎನ್ನತೊಡಗಿತು. ಷಡ್ಡಕ ಒಂದು ಭಾನುವಾರ ಊಟಕ್ಕೆ ಬಂದಿದ್ದವನು, ನಾನು ಗಾಡಿ ಹೊರಗೆ ತೆಗೆಯುವಾಗ ಆ ಸದ್ದನ್ನು ಕೇಳಿಸಿಕೊಂಡು, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಮಾವನವರಿಗೆ ಫೋನಿನಲ್ಲಿ ವರದಿ ಮಾಡಿದ. ಕೆಟ್ಟ ಉದ್ದೇಶ ಇಲ್ಲದವರಿಂದಲೇ ಮನೆ ಹಾಳಾಗುವುದು. ಮರುದಿನ ಮಾವನವರ ಫೋನು ಬಂತು. ಈ ಸಲ 'ಅರಾಮ್ ಅದೀರಿ' ಇರಲಿಲ್ಲ.

"ಅಳಿಯಂದ್ರ, ಗಾಡಿ ಸದ್ದು ಮಾಡಾಕತ್ತೇತಂತ?"

"ಸ್ವಲ್ಪ ಮಾವ. ಸರಿ ಮಾಡಿಸ್ತೀನಿ."

"ಆಯುಧಪೂಜೆಗೆ ನಾ ಬರ್ತೀನಿ. ನಿಂಬಿಹಣ್ಣಿನ ಮ್ಯಾಲೆ ನಾನ ಗಾಡಿ ಹತ್ತಿಸ್ತೀನಿ. ಸದ್ದು ಹಂಗ ಇತ್ತಂದ್ರ ಗಾಡಿ ಸಣ್ಣ ಅಳಿಯಂದ್ರ ಮನಿಗೆ ಹೋಕ್ಕೇತಿ. ಅವರು ದಿನಾ ತೊಳೀತಾರ."

ಅವನು ತೊಳೆಯುತ್ತಿದ್ದುದು ಗೇರಿಲ್ಲದ ಒಂದು ಸ್ಕೂಟರನ್ನು. ಅದನ್ನು ಯಾರು ಬೇಕಾದರೂ ತೊಳೆಯಬಹುದು.

ಸದ್ದು ಏಕೆ ಬರುತ್ತಿದೆ ಎಂಬುದು ನನಗೆ ಗೊತ್ತಿತ್ತು. ಆ ಗಾಡಿಯಲ್ಲಿ ಹಿಂದಿನ ಚಕ್ರಕ್ಕೆ ಹೋಗುವ, ಎಲ್ಲರಿಗೂ ಕಾಣುವ ಚೈನಿನ ಹೊರತಾಗಿ ಇನ್ನೊಂದು ಚೈನಿದೆ. ಅದು ಎಂಜಿನ್ನಿನಿಂದ ಕ್ಲಚ್ಚಿಗೆ ಶಕ್ತಿ ಒಯ್ಯುವ ಮೊದಲ ಚೈನು. ಎಡಗಡೆ ಒಂದು ಅಲ್ಯೂಮಿನಿಯಂ ಮುಚ್ಚಳದ ಒಳಗೆ, ಎಣ್ಣೆಯಲ್ಲಿ ಮುಳುಗಿ ಸುತ್ತುತ್ತಿರುತ್ತದೆ. ಅದು ಸವೆದು ಜೋಲು ಬೀಳದಂತೆ ಕೆಳಗಿನಿಂದ ಎತ್ತಿ ಹಿಡಿಯುವ ಬಾಗಿದ ಪಟ್ಟಿಗೆ ಟೆನ್ಷನರ್ ಎನ್ನುತ್ತಾರೆ. ಒಂದು ತಿರುಪು ತಿರುಗಿಸಿದರೆ ಪಟ್ಟಿ ಮೇಲೇರಿ ಚೈನು ಬಿಗಿಯಾಗುತ್ತದೆ. ಆಮೇಲೆ ಮೇಲಿನ ಲಾಕ್ ನಟ್ಟು ಬಿಗಿದರೆ ತಿರುಪು ಕದಲುವುದಿಲ್ಲ. ನಮ್ಮ ಗಾಡಿಯ ಪಟ್ಟಿ ತಿಂದುಹೋಗಿ ಚೈನು ಮುಚ್ಚಳಕ್ಕೆ ಬಡಿಯುತ್ತಿತ್ತು. ಹೊಸ ಪಟ್ಟಿ ಹಾಕಿ, ಚೈನಿನ ಸಡಿಲ ಹೊಂದಿಸಿದರೆ ಮುಗಿಯಿತು.

ಮೆಕ್ಯಾನಿಕ್ಕಿನ ಬಳಿ ಹೋದರೆ ಅವನ ಅಂಗಡಿಯ ಮುಂದೆ ಹಬ್ಬಕ್ಕೆ ಮುಂಚೆ ಸರ್ವಿಸ್ ಆಗಬೇಕಾದ ನಲವತ್ತು ಗಾಡಿ ನಿಂತಿದ್ದವು. "ಹಬ್ಬ ಆದ್ಮೇಲೆ ಬನ್ನಿ ಸಾರ್" ಎಂದ. ಹಬ್ಬ ಆದಮೇಲೆ ಗಾಡಿ ನನ್ನ ಬಳಿ ಇರುವುದಿಲ್ಲ ಎಂದು ಅವನಿಗೆ ಹೇಗೆ ಹೇಳುವುದು. ಪಟ್ಟಿಯನ್ನಷ್ಟೇ ಕೊಂಡುಕೊಂಡು ಬಂದೆ. ಒಳಗೊಳಗೆ ಖುಷಿಯೂ ಆಯಿತು. ಮೆಕ್ಯಾನಿಕ್ಕುಗಳು ಅಂದಾಜಿನ ಮೇಲೆ ಕೆಲಸ ಮಾಡುವವರು. ನಾನು ಅಳತೆಯ ಮನುಷ್ಯ. ಮಾವನವರಿಗೆ ಈ ವ್ಯತ್ಯಾಸ ತೋರಿಸಿಕೊಡಬೇಕು.

ಇದಕ್ಕಾಗಿ ನಾನೊಂದು ಸಣ್ಣ ಪಾಪ ಮಾಡಿದೆ. ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಯುಗಾದಿ, ದೀಪಾವಳಿ ಎರಡನ್ನೂ ಸೇರಿಸಿದ ಹಬ್ಬ. ರಜೆಯ ಹಿಂದಿನ ದಿನವೇ ಕಾರ್ಖಾನೆಯ ಪ್ರತಿ ಯಂತ್ರ, ಪ್ರತಿ ಉಪಕರಣ ಒರೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಕೂರುತ್ತದೆ. ಒಮ್ಮೆ ಪೂಜೆ ಆಯಿತೆಂದರೆ ವಿಜಯದಶಮಿಯ ಬೆಳಿಗ್ಗೆ ಎತ್ತುವವರೆಗೆ ಅದಕ್ಕೆ ವಿಶ್ರಾಂತಿ, ಯಾರೂ ಮುಟ್ಟುವಂತಿಲ್ಲ. ನಾನು ಪೂಜೆಗೆ ಇಡಬೇಕಾಗಿದ್ದ ಒಂದು ಡಯಲ್ ಗೇಜನ್ನು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ. ಗಡಿಯಾರದಂಥ ಮುಖದ, ಮಿಲಿಮೀಟರಿನ ನೂರರಲ್ಲಿ ಒಂದು ಭಾಗವನ್ನು ತೋರಿಸುವ ಉಪಕರಣ ಅದು. ಮೋಟಾರ್ ಸೈಕಲ್ಲಿನ ಚೈನಿಗೆ ಅದನ್ನು ಬಳಸುವುದು ರಾಗಿ ಮೂಟೆಯನ್ನು ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿದ ಹಾಗೆ. ಆಗ ನನಗೆ ಹಾಗೆ ಅನಿಸಲಿಲ್ಲ.

ಹಬ್ಬದ ದಿನ ಬೆಳಕು ಹರಿಯುತ್ತಿದ್ದಂತೆ ಕೆಲಸಕ್ಕೆ ಕೂತೆ. ಹೆಂಡತಿಯ ತವರಿನ ಪರಾತವನ್ನು ಅಡಿಗಿಟ್ಟು ಎಣ್ಣೆ ಇಳಿಸಿದೆ. ಎಡಗಡೆಯ ಫುಟ್‌ರೆಸ್ಟ್ ಬಿಚ್ಚಿದೆ, ಬ್ರೇಕ್ ಪೆಡಲ್ ಬಿಚ್ಚಿದೆ, ಮುಚ್ಚಳದ ನಡುವಿನ ಒಂದೇ ಒಂದು ದೊಡ್ಡ ನಟ್ಟು ಬಿಚ್ಚಿದೆ. ಮುಚ್ಚಳ ಕಳಚಿ ಬಂತು. ಬಿಚ್ಚಿದ ಒಂದೊಂದನ್ನೂ ಹಳೆಯ ಪೇಪರಿನ ಮೇಲೆ ಸಾಲಾಗಿ ಜೋಡಿಸಿದೆ. ಹಳೆಯ ಪಟ್ಟಿ ತೆಗೆದು ಹೊಸದನ್ನು ಕೂರಿಸಿದೆ. ಆಮೇಲೆ ಡಯಲ್ ಗೇಜನ್ನು ಸ್ಟ್ಯಾಂಡಿಗೆ ಕಟ್ಟಿ, ಅದರ ಕಡ್ಡಿಯನ್ನು ಮೇಲಿನ ಎಳೆಯ ನಡುವೆ ಚೈನಿಗೆ ತಾಗಿಸಿ, ತಿರುಪನ್ನು ನೂಲು ನೂಲಾಗಿ ತಿರುಗಿಸುತ್ತ ಹೋದೆ. ಚೈನು ಮೇಲೆ ಕೆಳಗೆ ಆಡುವ ಸಡಿಲ ಸರಿಯಾಗಿ ಆರು ಮಿಲಿಮೀಟರ್. ಆರೂವರೆ ಅಲ್ಲ, ಐದೂಮುಕ್ಕಾಲಲ್ಲ. ಆರು, ಸೊನ್ನೆ, ಸೊನ್ನೆ.

ಹೆಂಡತಿ ಕಾಫಿ ತಂದು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು.

"ರೀ, ಎಲ್ಲಿ ಅಳತೆ ತಗೊಂಡ್ರಿ?"

"ನಡೂಮಧ್ಯೆ."

"ಅಷ್ಟೇನಾ?"

"ನೂರರಲ್ಲೊಂದು ಭಾಗ ತೋರ್ಸತ್ತೆ ಇದು. ನಿಂಗೆ ಗೊತ್ತಾಗಲ್ಲ ಬಿಡು."

ಅವಳು ಲೋಟ ಇಟ್ಟು, ಏನೂ ಹೇಳದೆ ಹೋದಳು. ಹೆಂಡತಿ ಏನೂ ಹೇಳದೆ ಹೋಗುವುದು ಒಳ್ಳೆಯ ಲಕ್ಷಣವಲ್ಲ ಎಂದು ಎಂಟು ವರ್ಷದ ಸಂಸಾರದಲ್ಲಿ ಕಲಿಯಬೇಕಿತ್ತು.

ಇನ್ನು ಲಾಕ್ ನಟ್ಟು ಬಿಗಿದು ಮುಚ್ಚಳ ಹಾಕುವುದಷ್ಟೇ ಬಾಕಿ. ಅಷ್ಟರಲ್ಲಿ ಮೇಲಿನಿಂದ, ನೀರು ಕಾದಿದೆ, ಆರಿದರೆ ಮತ್ತೆ ಕಾಯಿಸುವುದಿಲ್ಲ ಎಂದು ಕೂಗಿದಳು. ಸ್ಪ್ಯಾನರನ್ನು ನಟ್ಟಿನ ಮೇಲೇ ಬಿಟ್ಟು ಸ್ನಾನಕ್ಕೆ ಹೋದೆ. ಕೈಯ ಎಣ್ಣೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹಾಡೊಂದನ್ನು ಗುನುಗಿದ್ದೂ ನಿಜ.

ಇಳಿದು ಬಂದು ನೋಡುತ್ತೇನೆ, ಪೇಪರು ಖಾಲಿ.

ಯಜಮಾನಿ ಅಜ್ಜಿಯ ಮನೆಯವರು ಆ ಊರಿನ ಹಳೆಯ ಕುಳ. ಒಂದು ಕಾಲಕ್ಕೆ ಅವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಗೋದಾಮುಗಳಿದ್ದವು. ಹೊಲ ಹೋದರೂ ಅಜ್ಜಿ ಹಬ್ಬ ಬಿಟ್ಟಿರಲಿಲ್ಲ. ಕುಡುಗೋಲು, ಮಚ್ಚು, ಹಾರೆ, ಈಳಿಗೆಮಣೆ, ಕೊನೆಗೆ ಉಗುರು ಕತ್ತರಿಸುವ ಕತ್ತರಿಯವರೆಗೆ ವಠಾರದಲ್ಲಿ ಕಬ್ಬಿಣ ಎನ್ನುವುದೇನಿದೆಯೋ ಎಲ್ಲವನ್ನೂ ತಾವೇ ಗುಡ್ಡೆಹಾಕಿ, ತೊಳೆದು, ದೇವರ ಮುಂದೆ ಇಡುವುದು ಅವರ ಪದ್ಧತಿ. ನಾನು ಓಡಿಹೋಗಿ ಬಾಗಿಲಲ್ಲಿ ಇಣುಕಿದೆ. ಲಕ್ಷ್ಮಿಯ ಪಟದ ಮುಂದೆ, ಮಣೆಯ ಮೇಲೆ, ನನ್ನ ಹನ್ನೊಂದು ಸ್ಪ್ಯಾನರು, ಫುಟ್‌ರೆಸ್ಟು, ಬ್ರೇಕ್ ಪೆಡಲ್ಲು, ಮುಚ್ಚಳದ ದೊಡ್ಡ ನಟ್ಟು, ವಾಷರು, ಸವೆದ ಹಳೆಯ ಪಟ್ಟಿ ಸಮೇತ ಅರಿಶಿನ ಕುಂಕುಮ ಹಚ್ಚಿಕೊಂಡು, ಸೇವಂತಿಗೆ ಮುಡಿದು ಕೂತಿದ್ದವು. ಡಯಲ್ ಗೇಜು ನಟ್ಟನಡುವೆ ಇತ್ತು. ಅದರ ಗಾಜಿನ ಮುಖದ ಮೇಲೆ ಅಜ್ಜಿ ವಿಭೂತಿ ಎಳೆದು, ನಡುವೆ ದೊಡ್ಡ ಬೊಟ್ಟು ಇಟ್ಟಿದ್ದರು. ಕಾರ್ಖಾನೆಯ ಪೂಜೆ ತಪ್ಪಿಸಿಕೊಂಡು ಬಂದಿದ್ದಕ್ಕೆ ಇಲ್ಲಿ ಬಡ್ಡಿ ಸಮೇತ ಪೂಜೆ ಆಗಿತ್ತು.

"ಅಜ್ಜಿ, ಅದು ನನ್ನ ಗಾಡಿ ಸಾಮಾನು."

"ಊ ಕಣಪ್ಪ, ನೋಡ್ದೆ. ನಿಮ್ಮೆಂಗ್ಸಿಗೆ ಕೆಲ್ಸ ಜಾಸ್ತಿ ಅಂತ ನಾನೇ ತಂದು ತೊಳ್ದಿಕ್ದೆ. ಮಂಗ್ಳಾರತಿ ಆಗೋಯ್ತು."

"ಒಂದೇ ಒಂದು ಸ್ಪ್ಯಾನರ್ ಕೊಡಿ ಅಜ್ಜಿ. ಐದು ನಿಮಿಷ."

"ಅಂಗೆಲ್ಲಾ ಎತ್ತಂಗಿಲ್ಲ. ನಾಳೀಕೆ ಬೆಳಿಗ್ಗೆ ತಕೊ. ವರ್ಸೆಲ್ಲಾ ದುಡಿತವೆ, ಒಂದಿನ ಕುಂತ್ಕೊಳ್ಳಿ ಬಿಡು."

ನಾನು ಹಲ್ಲು ಕಚ್ಚಿಕೊಂಡು ಬೀದಿಗಿಳಿದೆ. ಇಡೀ ಏಷ್ಯಾದಲ್ಲೇ ದೊಡ್ಡದೆಂದು ನಾವು ಜಂಬ ಕೊಚ್ಚುವ ಕೈಗಾರಿಕಾ ಪ್ರದೇಶ ಅದೇ ರಸ್ತೆಯಲ್ಲಿದೆ. ಲಕ್ಷಾಂತರ ಸ್ಪ್ಯಾನರುಗಳಿರುವ ಜಾಗ. ಅವತ್ತು ಅವಷ್ಟೂ ಕುಂಕುಮ ಹಚ್ಚಿಕೊಂಡು ಕೂತಿದ್ದವು. ಎದುರುಮನೆಯ ಲೇತ್ ಆಪರೇಟರ್ ಪೂಜೆಯಾಗಿದೆ ಎಂದ. ಪಂಕ್ಚರ್ ಅಂಗಡಿಯ ಸಾಬರು, "ನಮ್ದೂ ಆಗೋಯ್ತು ಸಾರ್, ಗಿರಾಕಿಗಳು ಕೇಳ್ತಾರೆ" ಎಂದು ತಮ್ಮ ಜಾಕಿಯ ಮೇಲಿನ ಹಾರ ತೋರಿಸಿದರು. ಹಾರ್ಡ್‌ವೇರ್ ಅಂಗಡಿಯ ಶೆಟ್ಟರು ಮಾರಾಟಕ್ಕಿದ್ದ ಹೊಸ ಸ್ಪ್ಯಾನರುಗಳಿಗೂ ಗಂಧ ಹಚ್ಚಿ ಬಾಗಿಲೆಳೆದು ಮಲಗಿದ್ದರು.

ವಾಪಸ್ ಬರುವಷ್ಟರಲ್ಲಿ ಆಟೋ ಬಂದು ನಿಂತಿತ್ತು. ಷಡ್ಡಕ ಬಸ್‌ಸ್ಟ್ಯಾಂಡಿನಿಂದ ಮಾವನವರನ್ನು ಕರೆದುಕೊಂಡು ಬಂದಿದ್ದ. ಮಾವನವರು ಬಿಳಿ ಪ್ಯಾಂಟು, ಬಿಳಿ ಅಂಗಿ, ಬಿಳಿ ಕ್ಯಾನ್ವಾಸ್ ಶೂ ಹಾಕಿ, ಎದೆ ಉಬ್ಬಿಸಿ, ಮೆಟ್ಟಿಲ ಕೆಳಗಿನ ಗಾಡಿಯ ಮುಂದೆ ನಿಂತಿದ್ದರು. ಗಾಡಿಯ ಎಡಭಾಗ ಹೊಟ್ಟೆ ಕೊಯ್ದ ಮೀನಿನ ಹಾಗೆ ಬಾಯಿಬಿಟ್ಟಿತ್ತು. ಪಕ್ಕದ ಪರಾತದಲ್ಲಿ ಕರಿ ಎಣ್ಣೆ. ಆ ಪರಾತ ಮದುವೆಯಲ್ಲಿ ಅವರೇ ಕೊಟ್ಟದ್ದು.

ನಾನು ನಡೆದದ್ದನ್ನು ಹೇಳಿದೆ. ಹೇಳುತ್ತಿದ್ದಂತೆ ನನಗೇ ಅದು ನಂಬುವಂಥ ಮಾತಲ್ಲ ಅನಿಸಿತು. ಷಡ್ಡಕ ನಗು ತಡೆದುಕೊಳ್ಳಲು ಕೆಮ್ಮಿದ. ಗಾಡಿ ಹೋಯಿತು ಎಂದುಕೊಂಡೆ. ಆ ಗಳಿಗೆಯಲ್ಲಿ ನನಗೆ ಅಜ್ಜಿಯ ಮೇಲೆ, ಹಬ್ಬದ ಮೇಲೆ, ಲಕ್ಷ್ಮಿಯ ಮೇಲೂ ಸಿಟ್ಟು ಬಂದಿತ್ತು.

ಮಾವನವರು ಬೈಯಲಿಲ್ಲ. ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು ಚೈನನ್ನು ನೋಡಿದರು. "ಹೊಸಾ ಪಟ್ಟಿ ಹಾಕೀರಿ. ಸಡ್ಲ ಎಷ್ಟ ಬಿಟ್ಟೀರಿ?"

"ಆರು ಮಿಲಿಮೀಟರ್ ಮಾವ. ಸೊನ್ನೆ, ಸೊನ್ನೆ." ಕತ್ತು ಹೋಗುವ ಹೊತ್ತಿನಲ್ಲೂ ಆ ಎರಡು ಸೊನ್ನೆ ಬಿಡಲು ಮನಸ್ಸಾಗಲಿಲ್ಲ.

ಅವರು ಚೈನಿನ ಮೇಲೆ ಬೆರಳಿಟ್ಟರು. ಒತ್ತಿದರು, ಎತ್ತಿದರು, ಬೇರೆ ಬೆರಳು ಇಟ್ಟರು. ಮುಖ ಸಣ್ಣದಾಯಿತು. "ಸಕ್ಕರಿ ಕಾಯಿಲಿ ಬಂದಮ್ಯಾಲೆ ಬೆರಳಿಗೆ ಜೋಮು. ಗೊತ್ತಾಗವಲ್ದು" ಎಂದು ತಮಗೇ ಹೇಳಿಕೊಂಡವರಂತೆ ಅಂದು, ಮೇಲೆ ತಿರುಗಿ ಕೂಗಿದರು. "ಮಗಳ, ಬಾ ಇಲ್ಲಿ. ಬೆರಳಿಡು."

ಬೆರಳಿಡು ಎಂದರೆ ಎಲ್ಲಿ, ಏಕೆ ಎಂದು ನನ್ನ ಹೆಂಡತಿ ಕೇಳಲಿಲ್ಲ. ಹಬ್ಬದ ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಳೆ ಮೇಲೇರಿಸಿ, ನೇರವಾಗಿ ಬಂದು ಗಾಡಿಯ ಪಕ್ಕ ಕೂತಳು. ಕೂತ ರೀತಿಯಲ್ಲೇ ಇದು ಮೊದಲ ಸಲವಲ್ಲ ಎಂದು ಗೊತ್ತಾಗುತ್ತಿತ್ತು. "ಒಬ್ರು ಎಡಗೈ ಕಡೆ ಸಣ್ಣ ಲಿವರ್ ಒತ್ತಿ ಹಿಡೀರಿ, ಎಂಜಿನ್ ಹಗುರಾಗ್ತದೆ. ಒಬ್ರು ಗೇರಿಗೆ ಹಾಕಿ ಹಿಂದಿನ ಗಾಲಿ ತಿರುಗ್ಸಿ. ನಿಧಾನ" ಎಂದಳು. ಷಡ್ಡಕ ಲಿವರ್ ಒತ್ತಿದ. ನಾನು ಹಿಂದಿನ ಗಾಲಿ ತಿರುಗಿಸಿದೆ. ಚೈನು ನಿಧಾನವಾಗಿ ಅವಳ ಬೆರಳ ಕೆಳಗೆ ಸರಿಯುತ್ತ ಹೋಯಿತು.

"ಸಡ್ಲ," ಎಂದಳು. "ಸಡ್ಲ. ಸಡ್ಲ. ಹಾಂ, ನಿಲ್ಸಿ. ಇಲ್ಲಿ ಬಿಗಿ ಅಪ್ಪಾಜಿ. ಆಡೋದೇ ಇಲ್ಲ."

ನಾನೂ ಬೆರಳಿಟ್ಟು ನೋಡಿದೆ. ಆ ಜಾಗದಲ್ಲಿ ಚೈನು ಒಣಗಿದ ಹಗ್ಗದಂತೆ ಸೆಟೆದಿತ್ತು. ಹಳೆಯ ಚೈನು ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಒಂದು ಕಡೆ ಹೆಚ್ಚು ಸವೆದು ಜೋಲುತ್ತದೆ, ಇನ್ನೊಂದು ಕಡೆ ಬಿಗಿಯಾಗಿರುತ್ತದೆ. ಆ ಅತಿ ಬಿಗಿಯಾದ ಜಾಗವನ್ನು ಹುಡುಕಿ ಅಲ್ಲಿ ಸಡಿಲ ಬಿಡಬೇಕು. ನಾನು ಅತಿ ಸಡಿಲವಾದ ಜಾಗದಲ್ಲಿ, ನೂರರಲ್ಲೊಂದು ಭಾಗದ ಮಟ್ಟಿಗೆ ಕರಾರುವಾಕ್ಕಾಗಿ, ತಪ್ಪು ಮಾಡಿದ್ದೆ. ಕಾರ್ಖಾನೆಯಲ್ಲಿ ಯಾರಾದರೂ ಒಂದೇ ಕಡೆ ಅಳೆದು ಚೀಟಿ ಬರೆದರೆ, 'ನಾಲ್ಕು ಕಡೆ ಅಳೀಬೇಕು ಅಂತ ನಿಂಗೆ ಯಾರೂ ಹೇಳಿಕೊಟ್ಟಿಲ್ವಾ' ಎಂದು ಹತ್ತು ಜನರ ಎದುರು ನೀರಿಳಿಸುತ್ತಿದ್ದವನು ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಮುಚ್ಚಳ ಹಾಕಿ ಓಡಿಸಿದ್ದರೆ ಚೈನು ಕಿತ್ತುಕೊಂಡು ಹೋಗುತ್ತಿತ್ತು. ಅಜ್ಜಿ ನನ್ನ ಸ್ಪ್ಯಾನರ್ ಎತ್ತಿಕೊಂಡು ಹೋಗಿ ಗಾಡಿ ಉಳಿಸಿದ್ದರು.

"ನಿಂಗೆ ಇದೆಲ್ಲ ಎಲ್ಲಿ ಗೊತ್ತು?" ಎಂದು ಹೆಂಡತಿಯನ್ನು ಕೇಳಿದೆ.

"ಐದನೇ ಕ್ಲಾಸಿಂದ ಅಪ್ಪಾಜಿಗೆ ನಾನೇ ಬೆರಳಿಡ್ತಿದ್ದೆ."

"ಎಂಟು ವರ್ಷದಲ್ಲಿ ಒಂದಿನಾನೂ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಬೆಳಿಗ್ಗೆ ನಾನ್ ಕೇಳಿದ್ದಕ್ಕೆ ಗೊತ್ತಾಗಲ್ಲ ಬಿಡು ಅಂದ್ರಿ."

ಷಡ್ಡಕ ಮತ್ತೆ ಕೆಮ್ಮಿದ.

ಲಾಕ್ ನಟ್ಟು ಬಿಗಿದಿರಲಿಲ್ಲವಾದ್ದರಿಂದ ತಿರುಪು ಬೆರಳಿಗೇ ತಿರುಗಿತು. ಎಷ್ಟು ಸಡಿಲ ಎಂಬುದಕ್ಕೆ ಮಾವನವರು ಅಳತೆ ಹೇಳಿದರು. ಒಂದು ಹುಣಸೆಬೀಜದ ದಪ್ಪ. ಹುಣಸೆಬೀಜ ಪೂಜೆಗೆ ಇಟ್ಟ ಆಯುಧವಲ್ಲ ಎಂದು ಅಜ್ಜಿ ಒಪ್ಪಿ, ಡಬ್ಬದಿಂದ ಎರಡು ಆರಿಸಿ ಕೊಟ್ಟರು. ಹೆಂಡತಿ ಬೀಜವನ್ನು ಚೈನಿನ ಪಕ್ಕ ಹಿಡಿದು, ಬಿಗಿ ಜಾಗದಲ್ಲಿ ಚೈನು ಅಷ್ಟೇ ಆಡುವಂತೆ ಹೊಂದಿಸಿದಳು. ಅವಳು ಬೀಜ ನೋಡುತ್ತಿದ್ದದ್ದೂ ಕಡಿಮೆ. ಬೆರಳೇ ಸಾಕಾಗಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಅಜ್ಜಿ ನಿಂಬೆಹಣ್ಣು ಹಿಡಿದು ನಿಂತಿದ್ದರು. "ರಾವುಕಾಲ ಬತ್ತೈತೆ. ಓಡ್ದೆ ಇದ್ರೂ ಚಕ್ರ ನಿಂಬೆಅಣ್ ಮೇಲೆ ಅತ್ತಿ ಇಳೀಬೇಕು, ಇಲ್ದಿದ್ರೆ ವರ್ಸೆಲ್ಲಾ ಒಳ್ಳೇದಾಗಲ್ಲ" ಎಂದರು. ಮಾವನವರಿಗೆ ಉತ್ಸಾಹ ಬಂತು. ಎಂಜಿನ್ ಬೇಡ, ತಾವು ಮೇಲೆ ಕೂರುವುದು, ಅಳಿಯಂದಿರಿಬ್ಬರೂ ತಳ್ಳುವುದು ಎಂದರು. ಬೇಡ ಎನ್ನುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಗೇರು ಬಿಡಿಸಿ, ಬೀದಿಗೆ ತಂದು, ಗಾಡಿಗೆ ಸೇವಂತಿಗೆ ಹಾರ ಹಾಕಿದೆವು. ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟೆವು. ಎಡಗಡೆ ಕಾಲಿಡಲು ಫುಟ್‌ರೆಸ್ಟ್ ಇಲ್ಲದೆ ಮಾವನವರು ಒಂದು ಕಾಲು ತೂಗಾಡಿಸಿಕೊಂಡು, ಪರೇಡಿನ ಗತ್ತಿನಲ್ಲಿ ಮುಂದೆ ನೋಡುತ್ತ, "ನೂಕ್ರಿ" ಎಂದು ಆಜ್ಞೆ ಕೊಟ್ಟರು.

ನೂಕಿದೆವು. ನಿಂಬೆಹಣ್ಣು ಒಡೆಯಿತು. ನಮ್ಮ ಬೀದಿ ಗೋದಾಮಿನ ಕಡೆಗೆ ಇಳಿಜಾರು ಎಂಬುದು ಆಗ ನೆನಪಾಯಿತು. ಷಡ್ಡಕನ ಇಸ್ತ್ರಿ ಅಂಗಿಗೆ ಎಣ್ಣೆ ತಾಗಿ ಅವನು ಕೈ ಬಿಟ್ಟ. ಅವನು ಹಿಡಿದಿದ್ದಾನಲ್ಲ ಎಂದುಕೊಂಡು ನಾನು ಅಷ್ಟರೊಳಗೇ ಬಿಟ್ಟಿದ್ದೆ. ಗಾಡಿ ಸದ್ದಿಲ್ಲದೆ ಹೊರಟಿತು. ಮಾವನವರು ಇಪ್ಪತ್ತೇಳು ವರ್ಷದ ಅಭ್ಯಾಸದಂತೆ ಎಡಗಾಲಿನಿಂದ ಬ್ರೇಕ್ ತುಳಿದರು. ಬ್ರೇಕ್ ಪೆಡಲ್ಲು ಲಕ್ಷ್ಮಿಯ ಮುಂದೆ ಕೂತಿತ್ತು. ಅವರು ಗಾಳಿಯನ್ನೇ ಮೂರು ನಾಲ್ಕು ಸಲ ತುಳಿದರು. ಕೈಯ ಬ್ರೇಕು ಆ ಗಾಡಿಯಲ್ಲಿ ಮೊದಲಿನಿಂದಲೂ ಶೋಕಿಗೆ.

ನಾವು ಮೂವರು ಹಿಂದೆ ಓಡಿದೆವು. ಮಾವನವರು ಗಾಬರಿಯಾಗಲಿಲ್ಲ. ಶಾಲೆಯ ಮೈದಾನದಲ್ಲಿ ನೂರಾರು ಮಕ್ಕಳನ್ನು ಒಂದೇ ಮಾತಿಗೆ ನಿಲ್ಲಿಸಿದ ಕಂಠದಲ್ಲಿ ಗಾಡಿಗೆ, "ಥಮ್" ಎಂದು ಆಜ್ಞೆ ಮಾಡಿದರು. ಗಾಡಿ ನಿಲ್ಲಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಗೋದಾಮಿನ ಗೇಟಿನಲ್ಲಿದ್ದ ಸೆಕ್ಯುರಿಟಿಯವನು ತಟ್ಟನೆ ಎದ್ದು ಸೆಲ್ಯೂಟ್ ಹೊಡೆದ. ಮಾವನವರು ಅವನಿಗೆ ಸೆಲ್ಯೂಟ್ ವಾಪಸ್ ಕೊಡುತ್ತಲೇ ಗೇಟಿಗೆ ಕಟ್ಟಲು ತಂದು ಒರಗಿಸಿದ್ದ ಬಾಳೆಕಂದುಗಳ ರಾಶಿಯೊಳಕ್ಕೆ ಹೋಗಿ, ಕಡಲೆಪುರಿಯ ಮೂಟೆಯೊಂದಕ್ಕೆ ಮೆತ್ತಗೆ ಒರಗಿ ನಿಂತರು.

ನಾವು ಏದುಸಿರು ಬಿಡುತ್ತ ತಲುಪಿದಾಗ ಅವರು ಇನ್ನೂ ಸೀಟಿನ ಮೇಲೇ ಇದ್ದರು. ತಲೆಯ ಮೇಲೆ ಪುರಿ, ಕಿವಿಯ ಹತ್ತಿರ ಒಂದು ಬಾಳೆಲೆ. ಏಟೇನೂ ಆಗಿರಲಿಲ್ಲ. "ಗಾಲಿ ಬೇರಿಂಗ್ ಚಲೋ ಅದಾವು" ಎಂದರು. ನನ್ನ ಹೆಂಡತಿ ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಮಾವನವರೂ ನಕ್ಕರು. ಅವರು ನಗುವುದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಗಾಡಿಯ ಮಾತು ಏನು ಎಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಸಂಜೆ ಹೋಳಿಗೆ ಊಟದ ನಡುವೆ ಅವರೇ, "ಗಾಡಿ ಮಾತು ನಾಳಿಗೆ" ಎಂದರು. ನನಗೆ ಹೋಳಿಗೆ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ ಪೂಜೆ ಎತ್ತಿ ಎಲ್ಲವನ್ನೂ ಪೇಪರಿಗೆ ವಾಪಸ್ ಸುರಿದರು. ಡಯಲ್ ಗೇಜಿನ ಮುಳ್ಳು ಕುಂಕುಮ ಸಿಕ್ಕಿಕೊಂಡು ಅಲ್ಲಾಡುತ್ತಲೇ ಇರಲಿಲ್ಲ. ಅದರ ಕಥೆ ಕಾರ್ಖಾನೆಯಲ್ಲಿ ನಾನು ಹೇಳಿದ್ದೇ ಬೇರೆ. ಹೆಂಡತಿ ಮತ್ತೊಮ್ಮೆ ಬಿಗಿ ಜಾಗ ಹುಡುಕಿ ಬೆರಳಿಟ್ಟು ನೋಡಿದಳು. ನಾನು ತಿರುಪು ಕದಲದಂತೆ ಹಿಡಿದು ಲಾಕ್ ನಟ್ಟು ಬಿಗಿದೆ. ಬಿಗಿದಮೇಲೂ ಇನ್ನೊಮ್ಮೆ ನೋಡಬೇಕೆಂದು ಅವಳು ಪಟ್ಟು ಹಿಡಿದಳು, ಏಕೆಂದರೆ ನಟ್ಟು ಬಿಗಿಯುವಾಗ ಅಳತೆ ಜಾರುತ್ತದೆ. ಜಾರಿತ್ತು. ಮತ್ತೆ ಸಡಿಲಿಸಿ ಮತ್ತೆ ಬಿಗಿದೆ. ಮುಚ್ಚಳ ಕೂರಿಸಿ, ಹೊಸ ಎಣ್ಣೆ ಹಾಕಿ, ಪೆಡಲ್ಲು, ಫುಟ್‌ರೆಸ್ಟು ಜೋಡಿಸಿದೆ. ಕಿಕ್ ಹೊಡೆದದ್ದೂ ನಾನೇ. ಮಾವನವರು ಎಡಗಡೆ ಬಗ್ಗಿ, ಮುಚ್ಚಳಕ್ಕೆ ಕಿವಿ ಕೊಟ್ಟು, ತುಂಬ ಹೊತ್ತು ಕೇಳಿದರು. ಕಟಕಟ ಇರಲಿಲ್ಲ.

ಆಮೇಲೆ ನೆಟ್ಟಗಾಗಿ, ತಮ್ಮ ಚೀಲದಿಂದ ಪ್ಲಾಸ್ಟಿಕ್ ಹೊದಿಸಿದ ಕಾಗದಗಳನ್ನು ತೆಗೆದರು. ಗಾಡಿಯ ಮೂಲ ಪತ್ರ. ಅದನ್ನು ಅವರು ದಾವಣಗೆರೆಯಿಂದಲೇ ತಂದಿದ್ದರು. ನಾನು ಕೈಯ ಎಣ್ಣೆ ಒರೆಸಿಕೊಂಡೆ. ಷಡ್ಡಕನೂ ಕೈ ಒರೆಸಿಕೊಂಡ. ಅವನಿಗೂ ಆಸೆ ಇತ್ತೋ ಏನೋ.

"ವರ್ಗಾವಣಿ ಅರ್ಜಿಗೆ ಸೈನ್ ಹಾಕೇನಿ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೆ," ಎಂದು ಹೇಳಿ ಪೆನ್ನು ತೆಗೆದು ಗಾಡಿಯ ಸೀಟಿನ ಮೇಲೆ ಕಾಗದ ಇಟ್ಟು ಬರೆದರು. ಬರೆದು ನನ್ನ ಹೆಂಡತಿಯ ಕೈಗೆ ಕೊಟ್ಟರು. ಅವಳು ಓದಿ, ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅದರಲ್ಲಿ ಇದ್ದದ್ದು ಅವಳ ಹೆಸರು.

"ಮಾವ, ಅವಳಿಗೆ ಓಡಿಸೋಕೆ ಲೈಸೆನ್ಸ್..." ಎಂದೆ ನಾನು.

"ಇಪ್ಪತ್ತನೇ ವಯಸ್ಸಿಗೆ ಇದ ಗಾಡಿ ಮ್ಯಾಲೆ ತಗೊಂಡಾಳ. ನೀವು ನೋಡಿಲ್ಲೇನು?"

ನೋಡಿದ್ದೆ. ಗ್ಯಾಸ್ ಕನೆಕ್ಷನ್ನಿಗೆ, ಬ್ಯಾಂಕಿಗೆ, ಬಾಡಿಗೆ ಕರಾರಿಗೆ ಅವಳ ಲೈಸೆನ್ಸಿನ ಜೆರಾಕ್ಸ್ ನಾನೇ ಮಾಡಿಸಿದ್ದೆ. ಫೋಟೋ, ವಿಳಾಸ ಸರಿಯಿದೆಯೇ ಎಂದು ನೋಡಿದ್ದೆ. ಯಾವ ಗಾಡಿಗೆ ಎಂದು ಬರೆದ ಸಾಲನ್ನು ಎಂಟು ವರ್ಷದಲ್ಲಿ ಒಮ್ಮೆಯೂ ಓದಿರಲಿಲ್ಲ. ನಾಚಿಕೆಯಾಯಿತು. ಗಾಡಿ ಕೈತಪ್ಪಿದ ದುಃಖಕ್ಕಿಂತ ಅದೇ ಜಾಸ್ತಿ ಆಯಿತು.

ಷಡ್ಡಕ ನನ್ನ ಭುಜ ತಟ್ಟಿದ. "ಬಿಡಿ ಬ್ರದರ್, ಅಳಿಯ ಅಲ್ಲ ಮಗಳ ಗಂಡ. ಗಾಡಿ ನಿಮ್ಮನೇಲೇ ಇರತ್ತಲ್ಲ."

ಅವಳು ಸೆರಗು ಬಿಗಿದು ಗಾಡಿ ಹತ್ತಿದಳು. ಬಲಗಾಲಿನಿಂದ ಗೇರು ಹಾಕಿ, ಮಾವನವರನ್ನು ಹಿಂದೆ ಕೂರಿಸಿಕೊಂಡು ಬೀದಿಯ ತುದಿಯವರೆಗೆ ಹೋಗಿ ಬಂದಳು. ಆಮೇಲೆ ಷಡ್ಡಕನನ್ನು ಒಂದು ಸುತ್ತು ಹಾಕಿಸಿದಳು. ಅಜ್ಜಿಯನ್ನೂ ಒಂದು ಸುತ್ತು ಹಾಕಿಸಿದಳು. ನಾನು ಪರಾತ ತೊಳೆಯುತ್ತ ನನ್ನ ಸರದಿ ಕಾಯುತ್ತಿದ್ದೆ. ಕೊನೆಗೆ ನನ್ನ ಮುಂದೆ ತಂದು ನಿಲ್ಲಿಸಿ, ಎಂಜಿನ್ ಆರಿಸದೆ, "ಹತ್ತಿ, ಪೀಣ್ಯಕ್ಕೆ ಬಿಡ್ತೀನಿ" ಎಂದಳು. ಅವತ್ತು ಕಾರ್ಖಾನೆಗೆ ರಜೆ ಇತ್ತು. ನಾನು ಹತ್ತಿ ಕೂತೆ.